ನಾಟಿ ಸಾಲಿನ ಜಪ

ಇಸವಿ ೧೭೮೮, ಶ್ರಾವಣ, ಶನಿವಾರ ರಾತ್ರಿ

ಗೌಡರ ಮಾತು ಇನ್ನೂ ಕಿವಿ ಕೊರೆಯುತ್ತಿದೆ. ನಿಮ್ಮ ಕಿರಿಸ್ತಾನರು ನಾಲ್ಕು ಜನ ಒಟ್ಟಿಗೆ ಕೂತು ಜಪ ಮಾಡಿದರೆ ಊರು ಬಿಡಬೇಕು ಎಂದಿದ್ದರು. ಸುಲ್ತಾನರು ಪಾದ್ರಿಗಳನ್ನು ಓಡಿಸಿದ ಮೇಲೆ ಅವರ ಕೆಲಸವೆಲ್ಲ, ಜಪ ಹೇಳಿಕೊಡುವ ಉಪದೇಶಿಯಾದ ನನ್ನ ಹೆಗಲಿಗೇ ಬಿದ್ದಿದೆ. ಈ ವಾರ ಕಿಕ್ಕೇರಿಯಲ್ಲಿ ಮುದುಕಿಯೊಬ್ಬಳನ್ನು ಮಣ್ಣು ಮಾಡಿದೆ, ಹೊಣಕೆರೆಯಲ್ಲಿ ಹಸುಗೂಸಿಗೆ ಜ್ಞಾನಸ್ನಾನ ಕೊಟ್ಟೆ. ನಡೆದು ನಡೆದು ಕಾಲು ಊದಿಕೊಂಡಿದೆ.

ಕೂತು ಜಪ ಮಾಡಬಾರದು ತಾನೇ? ಇವತ್ತು ಚೌರಪ್ಪನ ಗದ್ದೆಯಲ್ಲಿ ನಮ್ಮವರೆಲ್ಲರೂ ಬಗ್ಗಿ ನಾಟಿ ಹಾಕಿದೆವು. ಜಪವನ್ನು ನಾಟಿ ಪದದ ಧಾಟಿಗೆ ಕೂರಿಸಿದ್ದೆ. ಒಂದು ಸಾಲಿನವರು ಎತ್ತಿಕೊಟ್ಟರೆ ಇನ್ನೊಂದು ಸಾಲಿನವರು ಮುಗಿಸುತ್ತಿದ್ದರು.

ಗೌಡರು ಬದುವಿನ ಮೇಲೆ ಬಂದು ನಿಂತರು. “ಏನ್ಲಾ ಉಪದೇಶಿ, ಇದು ಜಪ ಅಲ್ವೇನ್ಲಾ?”

ನಾನು ಬಾಯಿ ತೆರೆಯುವ ಮೊದಲೇ ಚೌರಪ್ಪನ ಹೆಂಡತಿ ಇನ್ನಾಸಮ್ಮ ನೆಟ್ಟಗೆ ನಿಂತಳು. “ಪದ ಇಲ್ದೆ ನಾಟಿ ಎಂಗಾಕಾದು ಗೌಡ್ರೇ? ಬ್ಯಾಡ ಅಂದ್ರೆ ಬುಟ್ಬುಡ್ತೀವಿ. ನಾಳೀಕೆ ನಿಮ್ಮ ಗದ್ದೇಗೂ ನಾವೇ ಬರ್ಬೇಕು. ಪದ ಬ್ಯಾಡಾಂದ್ರೆ ಕೆಸರಿಗೆ ನೀವೇ ಇಳ್ಕೊಳಿ.”

ಗೌಡರು ಮುಖ ತಿರುಗಿಸಿಕೊಂಡು ಹೋದರು. ಮತ್ತೆ ಬರುತ್ತಾರೆ, ನನಗೆ ಗೊತ್ತು. ಬರಲಿ. ನಾವು ಊರು ಬಿಡುವುದಿಲ್ಲ, ಜಪವನ್ನೂ ಬಿಡುವುದಿಲ್ಲ. ನಾಟಿ ಮುಗಿದರೆ ಕಳೆ ತೆಗೆಯುವುದಿದೆ, ಆಮೇಲೆ ಕುಯ್ಲು, ಆಮೇಲೆ ಕಣ, ಅದೂ ಮುಗಿದರೆ ಮತ್ತೆ ನಾಟಿ; ಒಂದೊಂದಕ್ಕೂ ಒಂದು ಪದವಿದೆ.