ನೆನೆದ ಭತ್ತ ಮತ್ತು ಅಡ್ಡಕೊಳವೆ

ತುಂಗಭದ್ರೆಯ ಎಡದಂಡೆ, ೨೧೮೭ರ ಕಾರ್ತಿಕ ಮಾಸ

ಬಹಳ ಹಿಂದಿನ ನನ್ನ ಹಿರಿಯರಿಗೆ ದ್ಯಾಮವ್ವನ ನಮಸ್ಕಾರ. ನಿಮಗೆ ಗೊತ್ತಿಲ್ಲದ ಪದಗಳು ಈ ಕಾಗದದಲ್ಲಿ ಬಂದರೆ ಕ್ಷಮಿಸಬೇಕು. ನಾನು ನಮ್ಮೂರ ಹೊಗೆಗಾವಲಿನವಳು. ಚಿಮಣಿಯ ಹೊಗೆ ಕಪ್ಪಾದರೆ ಬಾಯ್ಲರ್ ನಿಲ್ಲಿಸುವ ಹಕ್ಕನ್ನು ಊರು ನನಗೆ ಕೊಟ್ಟಿದೆ.

ಇಲ್ಲಿ ಈಗಲೂ ಅಕ್ಕಿ ಗಿರಣಿಗಳಿವೆ. ಈಗಲೂ ಹೊಟ್ಟು ಉರಿಸಿಯೇ ಭತ್ತ ಬೇಯಿಸುತ್ತೇವೆ. ಆದರೆ ಹೊಗೆಯೆಲ್ಲ ಸೋಸುಚೀಲಗಳನ್ನು, ಅಂದರೆ ಬೂದಿ ಹಿಡಿಯುವ ಉದ್ದನೆಯ ಬಟ್ಟೆಯ ಚೀಲಗಳನ್ನು, ದಾಟಿಯೇ ಹೊರಗೆ ಹೋಗಬೇಕು. ಹೆಂಗಸರು ಗಿರಣಿಯ ಪಕ್ಕದ ಅಂಗಳದಲ್ಲೇ ಹಪ್ಪಳ ಒಣಗಿಸುತ್ತಾರೆ. ಒಂದು ಹಳೆಯ ಗಿರಣಿಯಲ್ಲಿ ಮಾತ್ರ ನಿಮ್ಮ ಕಾಲದ ಅಡ್ಡಕೊಳವೆ ಉಳಿದಿದೆ. ಅದರ ಬಾಗಿಲು ತೆರೆದರೆ ಹೊಗೆ ಚೀಲಗಳನ್ನು ತಪ್ಪಿಸಿ ನೇರ ಚಿಮಣಿಗೆ ಹೋಗುತ್ತದೆ. ಆ ಗಿರಣಿ ನನ್ನ ತಮ್ಮ ಗವಿಸಿದ್ದನದು.

ಹೋದ ವಾರ ಹಸಿ ಹೊಟ್ಟು ಉರಿಸಿದ್ದರಿಂದ ಅವನ ಚೀಲಗಳಿಗೆ ಬೂದಿ ಮೆತ್ತಿಕೊಂಡು ಹೊಗೆ ದಾಟದಂತಾಯಿತು. ಹೊಸ ಚೀಲ ಬರುವುದು ತಡವಿತ್ತು. ತೊಟ್ಟಿಗಳ ತುಂಬ ಭತ್ತ ನೆನೆದಿತ್ತು. ಬೇಯಿಸದೆ ಬಿಟ್ಟರೆ ಹುಳಿತು ನಾರುತ್ತದೆ. ನಾನು ಬಾಯ್ಲರ್ ನಿಲ್ಲಿಸಿ ಅಡ್ಡಕೊಳವೆಯ ಮುಂದೆ ನಿಂತೆ.

“ಅಕ್ಕಾ, ಇದೊಂದು ಸಲ ತೆರಿ. ವರ್ಷದ ದುಡಿಮಿ ಕೊಳತು ಹೋಕ್ಕೈತಿ,” ಎಂದ ತಮ್ಮ.

ಗಾಳಿ ಬೀಸುವ ಕಡೆಗೇ ಖೈರುನ್ನೀಸಾಳ ಮನೆ. ಉಬ್ಬಸದವಳು. ಗೋಡೆ ಹಿಡಿದುಕೊಂಡು ಆಕೆಯೇ ಬಂದಳು. “ತೆರೀರಿ ದ್ಯಾಮವ್ವಾ, ನಾ ಕಿಟಕಿ ಹಾಕ್ಕೊಂತೀನಿ. ನನ್ನ ಸಲುವಾಗಿ ಅವನ ಬದುಕು ಹಾಳಾಗೋದು ಬ್ಯಾಡ.”

ನನ್ನ ಕೈ ಹಿಡಿಕೆಯವರೆಗೂ ಹೋಯಿತು. ಆದರೆ ಅಷ್ಟು ಮಾತಾಡುವುದರೊಳಗೇ ಆಕೆಗೆ ಏದುಸಿರು ಬಂದಿತ್ತು.

“ಇಲ್ಲವ್ವಾ, ತೆರಿಯಂಗಿಲ್ಲ,” ಎಂದೆ.

ಗವಿಸಿದ್ದ ಹೊರಗೆ ನಡೆದ. ನಾನು ಓಣಿಯವರನ್ನು ಕರೆದೆ. ಸಿಕ್ಕ ಪಾತ್ರೆಯಲ್ಲಿ ಭತ್ತ ಒಯ್ದು ಮನೆಮನೆಯಲ್ಲಿ ಕರೆಂಟಿನ ಒಲೆಯ ಮೇಲೆ ಬೇಯಿಸಿದರು. ಖೈರುನ್ನೀಸಾಳೂ ಒಂದು ಬೋಗುಣಿ ತರಿಸಿಕೊಂಡಳು. ಆದರೂ ಕಾಲುಭಾಗ ಭತ್ತವನ್ನೂ ಉಳಿಸಿಕೊಳ್ಳಲಾಗಲಿಲ್ಲ. ಮಿಕ್ಕಿದ್ದನ್ನು ತಿಪ್ಪೆಗೆ ಸುರಿದೆವು. ತಮ್ಮ ದಿನಾ ನನ್ನ ಮನೆಯ ಮುಂದೆಯೇ ಹೋಗುತ್ತಾನೆ, ತಲೆ ಎತ್ತಿ ನೋಡುವುದಿಲ್ಲ.

ನಿಮ್ಮನ್ನು ದೂರಲು ಇದನ್ನು ಬರೆಯುತ್ತಿಲ್ಲ. ನೀವು ಈಗಷ್ಟೇ ಗಿರಣಿಗಳನ್ನು ಕಟ್ಟುತ್ತಿದ್ದೀರಿ. ಹೊಟ್ಟನ್ನು ಒಣಗಿಸಿ ಉರಿಸಿ, ಬದಲಿ ಚೀಲಗಳನ್ನು ಮೊದಲೇ ತಂದಿಡಿ, ಆ ಅಡ್ಡಕೊಳವೆಯನ್ನು ಮಾತ್ರ ಇಡಬೇಡಿ. ಇಟ್ಟರೆ, ಮುಂದೆ ಯಾರೋ ಒಬ್ಬಳು ತಮ್ಮನ ಮುಖ ನೋಡುತ್ತ ಅದರ ಮುಂದೆ ನಿಲ್ಲಬೇಕಾಗುತ್ತದೆ.