ಬದುಕದ ಇಪ್ಪತ್ತು ಇಲಿಗಳು

ಪ್ರೊಫೆಸರ್ ಸಾಹೇಬರಿಗೆ,

ನಮಸ್ಕಾರ ಹೇಳುವಷ್ಟು ಗೌರವ ಉಳಿದಿಲ್ಲ, ಅಭ್ಯಾಸಬಲದಿಂದ ಹೇಳುತ್ತಿದ್ದೇನೆ.

ನೀವು ಸನ್ಮಾನಕ್ಕೆ ಹೋಗಿದ್ದಾಗ ಒಬ್ಬ ಹೆಂಗಸು 'ವಿಕಿರಣದ ಹುಣ್ಣಿಗೆ ಬೇರಿನ ರಸ' ಎಂಬ ಸುದ್ದಿಯ ಜೊತೆ ನಿಮ್ಮ ಫೋಟೋ ಬಂದ ಪತ್ರಿಕೆ ಹಿಡಿದು ಪ್ರಯೋಗಾಲಯಕ್ಕೆ ಬಂದಿದ್ದರು. ಕ್ಯಾನ್ಸರಿಗೆ ಕೊಟ್ಟ ವಿಕಿರಣದಿಂದ ಅವರ ಗಂಡನ ಕರುಳು ಹುಣ್ಣಾಗಿ ರಕ್ತ ಹೋಗುತ್ತಿದೆಯಂತೆ.

"ಡಾಕ್ಟರ ಮಾತ್ರೆ ನಿಲ್ಲಿಸಿ ನಿಮ್ಮ ಬೇರಿನ ರಸ ಕೊಡ್ಲಾ?" ಎಂದು ಕೇಳಿದರು.

"ಬೇಡಮ್ಮ, ಮಾತ್ರೆ ನಿಲ್ಲಿಸ್ಬೇಡಿ. ಇದನ್ನ ಇಲಿಗಳಿಗೆ ಮಾತ್ರ ಕೊಟ್ಟು ನೋಡಿದ್ದೀವಿ," ಎಂದೆ.

"ಇಲಿಗಳು ಬದುಕಿದ್ವಾ?"

"ವಿಕಿರಣಕ್ಕೆ ಮೊದಲೇ ಕುಡಿದವು ಬದುಕಿದ್ವು. ಆಮೇಲೆ ಕುಡಿದ ಇಪ್ಪತ್ತೂ ಸತ್ತೋದ್ವು."

ಅವರು ಫೋಟೋ ನೋಡಿ, "ಮತ್ತೆ ಇವರ್ಯಾಕೆ ನಗ್ತಿದಾರೆ?" ಎಂದರು.

ಆ ಇಪ್ಪತ್ತರ ಕರುಳು ಕೊಯ್ದು ನೋಡಿದವಳು ನಾನು. "ಸತ್ತ ಇಲಿ ಯಾರಿಗೆ ಬೇಕಮ್ಮಾ" ಎಂದು ಪ್ರಬಂಧದಿಂದ ಅವನ್ನು ಅಳಿಸಿದವರು ನೀವು. ಕುಂಬಳಕಾಯಿ ಕಳ್ಳನ ಹಾಗೆ ಹೆಗಲು ಮುಟ್ಟಿ ನೋಡಿಕೊಳ್ಳುವ ಕಷ್ಟ ಬೇಡ, ಹೇಳುತ್ತಿರುವುದು ನಿಮಗೇ.

ಆ ಇಪ್ಪತ್ತು ಇಲಿಗಳ ಲೆಕ್ಕವಿರುವ ನನ್ನ ಪ್ರಯೋಗ ಪುಸ್ತಕದ ಪುಟಗಳ ನಕಲನ್ನು ಇವತ್ತು ಬೆಳಿಗ್ಗೆ ಪ್ರಬಂಧ ಅಚ್ಚು ಹಾಕಿದ ಸಂಪಾದಕರಿಗೆ ಕಳಿಸಿದೆ. ನನ್ನ ಪಿಎಚ್‌ಡಿ ಮುಳುಗುತ್ತದೆಂದು ಗೊತ್ತು. ಪ್ರಯೋಗಾಲಯದ ಬೀಗದ ಕೈ ಗುಮಾಸ್ತರ ಹತ್ತಿರವಿದೆ. ಗೂಡುಗಳಲ್ಲಿ ಉಳಿದ ಇಲಿಗಳಿಗೆ ದಿನಾ ನೀರು ಬದಲಿಸಬೇಕು; ಆ ಕೆಲಸವನ್ನಾದರೂ ನೆಟ್ಟಗೆ ಮಾಡಿ.

ಇನ್ನು ನಿಮ್ಮ ವಿದ್ಯಾರ್ಥಿನಿಯಲ್ಲದ,
ಪ್ರಬಂಧದ ಎರಡನೆಯ ಹೆಸರಿನವಳು