ಹೂಂಗುಟ್ಟುವವರು ಇದ್ದಾರೆ

ಮತ್ತಿಗಿರಿ, ಹೊಸೂರು
10-3-2025, ಸೋಮವಾರ

ಚಿ. ಸೌ. ತಂಗಿ ಆದಿಲಕ್ಷ್ಮಿಗೆ, ಅಣ್ಣ ಗೋಪಾಲಪ್ಪನು ಮಾಡುವ ಆಶೀರ್ವಾದಗಳು.

ಇಲ್ಲಿ ನಾನು ಕ್ಷೇಮ. ಮೈಸೂರಿನಲ್ಲಿ ನಿನ್ನ ಮಂಡಿನೋವು ಹೇಗಿದೆ? ಮೆಟ್ಟಿಲು ಹತ್ತಿಳಿಯುವುದನ್ನು ಕಡಿಮೆ ಮಾಡು. ನಿನ್ನ ಯಜಮಾನರಿಗೆ ಸಕ್ಕರೆ ಕಾಯಿಲೆಯಿದ್ದರೂ ಸಿಹಿತಿಂಡಿಯ ಡಬ್ಬಿ ಅವರ ಕೈಗೆಟುಕುವಲ್ಲೇ ಇರುವುದೆಂದು ಬಲ್ಲೆ. ತರುವಾಯ ತಿಳಿಸುವುದೇನೆಂದರೆ, ಕಳೆದ ವಾರ ದೂರವಾಣಿಯಲ್ಲಿ ನೀನು, “ಅಣ್ಣಾ, ಅಮ್ಮ ಹುಣಸೆಹಣ್ಣು ಕುಟ್ಟೋ ಕೂಲಿಗೆ ಹೋಯ್ತಿದ್ಳು ಅಂತ ಬೀದೀಲಿ ಸಾರ್ಬ್ಯಾಡ. ನನ್ಮಗ ಮುರಳಿ ನಿಶ್ಚಿತಾರ್ಥ ಆಗೋಗಂಟ ಸುಮ್ಕಿರು” ಎಂದು ಮಾಡಿದ ಕೋರಿಕೆಯನ್ನು ಪೂರ್ವಾಪರ ಪರಿಶೀಲಿಸಿ, ಈ ಪತ್ರದ ಮೂಲಕ ತಿರಸ್ಕರಿಸಿರುತ್ತೇನೆ. ಬಾಗಲೂರಿನ ಬೀಗರಿಗೆ ನಮ್ಮದು ಜಮೀನುದಾರರ ಮನೆತನವೆಂದು ಹೇಳಿದವಳು ನೀನು, ನಾನಲ್ಲ.

ಕಾರಣವನ್ನೂ ನಿವೇದಿಸುತ್ತೇನೆ. ನಾಟ್ರಾಂಪಾಳ್ಯದಲ್ಲಿ ಅಪ್ಪ ತೀರಿಕೊಂಡ ಮೇಲೆ ಅಮ್ಮ ನಮ್ಮನ್ನು ಸಾಕಿದ್ದು ಪರರ ಅಂಗಳದಲ್ಲಿ ಕೂತು. ಹುಳಿಗೆ ಬೆರಳು ಬಿರಿದು ಉಗುರು ಕಪ್ಪಾಗಿದ್ದುದು ನಿಜ. ಆ ಅಂಗಳದಲ್ಲಿ ಎಲ್ಲರಿಗೂ ಕತೆ ಹೇಳುತ್ತಿದ್ದವಳು ಅವಳೇ ಎಂಬುದೂ ಅಷ್ಟೇ ನಿಜ. ಹೆಂಗಸರು ಹೂಂಗುಟ್ಟಿದಂತೆ ಏಟು ಬೀಳುತ್ತಿತ್ತು, ಬೀಜ ಸಿಡಿಯುತ್ತಿತ್ತು. ಇಂದು ಹೂಂಗುಟ್ಟಿದವಳು ನಾಳೆ ಕತೆ ಹೇಳಬೇಕೆಂಬುದು ಅಲ್ಲಿನ ಕಟ್ಟಳೆ. ಅಮ್ಮನಿಂದ ನಮಗೆ ಬಂದ ಆಸ್ತಿ ಇದೊಂದೇ. ಇದನ್ನೂ ಮುಚ್ಚಿಟ್ಟರೆ ಮುರಳಿಯ ಕೈಗೆ ನಾವು ಕೊಡುವುದಾದರೂ ಏನನ್ನು?

ಆದ್ದರಿಂದ ನಿನ್ನೆ ಸಂಜೆ, ಪ್ರತಿ ಭಾನುವಾರದಂತೆ, ನಮ್ಮ ಬೀದಿಯ ಹೊಂಗೆಮರದಡಿ ಕೂತು ಅಮ್ಮನ ಕತೆಯನ್ನು ಹೆಸರು ಸಮೇತ ಹೇಳಿದೆ. ಕೇಳುವವರಲ್ಲಿ ಹೆಚ್ಚಿನವರು ಫ್ಯಾಕ್ಟರಿ ಕೆಲಸಕ್ಕೆ ಕರ್ನಾಟಕದಿಂದ ಬಂದವರು. ಎದುರುಬದುರು ಬಾಗಿಲಿದ್ದರೂ ಒಬ್ಬರ ಹೆಸರು ಒಬ್ಬರಿಗೆ ಗೊತ್ತಿಲ್ಲ. ಕೂಲಿಯ ಮಾತು ಬಂದಾಗ ಯಾರೂ ಹೂಂಗುಟ್ಟಲಿಲ್ಲ. ನಿನ್ನ ಮಾತೇ ನಿಜವಾಯಿತೇನೋ ಎಂದು ಒಂದು ಗಳಿಗೆ ಅನ್ನಿಸಿತು. ಆದರೂ ನಾನು ನಿಲ್ಲಿಸಲಿಲ್ಲ. ಅಷ್ಟರಲ್ಲಿ ಸೊಪ್ಪು ಮಾರುವ ದೊಡ್ಡಮುನಿಯಮ್ಮ ಬುಟ್ಟಿ ಇಳಿಸಿ, “ಹೂಂ, ಮುಂದಕ್ಕೇಳಪ್ಪೋ! ನಾನೂ ಕುಟ್ಟಿವ್ನಿ, ನೋಡಿಲ್ಲಿ ಬೆರಳ” ಎಂದು ಕೈ ಚಾಚಿದಳು. ಆಚೆಮನೆಯ ತಮಿಳು ಮುದುಕರು “ಆಮಾ, ಆಮಾ” ಎಂದು ತಮ್ಮ ಭಾಷೆಯಲ್ಲೇ ಹೂಂಗುಟ್ಟಿದರು. ಮಂಡ್ಯದ ಕಡೆಯ ಉಷಾರಾಣಿ, “ನಮ್ಮಜ್ಜಿ ಮಂದಿ ಮನೇಲಿ ಭತ್ತ ಕುಟ್ಟೋಳು ತಾತಾ, ಬರೋ ವಾರ ನಾನೇಳ್ತೀನಿ” ಎಂದಳು. ಏಳುವ ಹೊತ್ತಿಗೆ ಜನ ಒಬ್ಬರನ್ನೊಬ್ಬರು ಊರು, ಹೆಸರು ಕೇಳಿಕೊಳ್ಳುತ್ತಿದ್ದರು. ಇದು ಅವಮಾನವಾದರೆ, ಇಂಥ ಅವಮಾನ ನನಗೆ ವಾರವಾರವೂ ಆಗಲಿ.

ಯಜಮಾನರಿಗೆ ನಮಸ್ಕಾರ, ಮುರಳಿಗೆ ಆಶೀರ್ವಾದ. ಮಂಡಿಗೆ ಎಣ್ಣೆ ಹಚ್ಚುವುದನ್ನು ಬಿಡಬೇಡ.

ಇಂತಿ ನಿನ್ನ ಅಣ್ಣ,
ಗೋಪಾಲಪ್ಪ,
ಹುಣಸೆಹಣ್ಣು ಕುಟ್ಟಿದ ಚಿಕ್ಕತಾಯಮ್ಮನ ಮಗ

ಮರೆತ ಮಾತು: ಇದೇ 23ರ ಭಾನುವಾರ ಹೊಂಗೆಮರದಡಿಗೆ ಬೀಗರನ್ನೂ ಕರೆದಿದ್ದೇನೆ, ಬರುತ್ತೇವೆಂದಿದ್ದಾರೆ. ಅಮ್ಮ ಹೇಳುತ್ತಿದ್ದ ಏಳು ಬೆಟ್ಟ ದಾಟಿದ ಸೊಸೆಯ ಕತೆ ನನಗೆ ಐದನೆಯ ಬೆಟ್ಟದವರೆಗೆ ಮಾತ್ರ ಬರುತ್ತದೆ. ಆಮೇಲೆ ನನ್ನನ್ನು ಶಾಲೆಗೆ ಕಳಿಸಿದರು, ನೀನು ಅವಳ ಮಡಿಲಲ್ಲೇ ಉಳಿದೆ. ಮಿಕ್ಕ ಎರಡು ಬೆಟ್ಟ ನಿನ್ನ ಹತ್ತಿರವಿವೆ. ಬಂದು ನೀನೇ ಹೇಳು. ಬೀಗರು ಸುಮ್ಮನಿದ್ದರೆ ಇರಲಿ, ಹೂಂಗುಟ್ಟಲು ನಾನಿದ್ದೇನೆ.